ಯಾವುದರ ಹತ್ತಿರವೂ ಅಲ್ಲದ ಕಲ್ಯಾಣಪುರ

ಕೊರಿಯರ್ ಅಂಗಡಿಯಲ್ಲಿ ಪಿನ್‌ಕೋಡ್ ಕೇಳಿದರು. ಕಲ್ಯಾಣಪುರದ ತಮ್ಮನ ಮನೆಗೆ ಒಂದು ಪೊಟ್ಟಣ ಕಳಿಸುವುದಿತ್ತು. ಹುಟ್ಟಿ ಬೆಳೆದ ಊರಿನ ಪಿನ್‌ಕೋಡ್ ಮರೆಯುತ್ತದೆಯೇ ಎಂದು ಧೈರ್ಯದಿಂದ ಬಾಯಿ ತೆರೆದೆ. ಬಂದದ್ದು ಕಾಪುವಿನದ್ದು, ಮದುವೆಯಾಗಿ ಹೋದ ಊರಿನದ್ದು. ನನ್ನ ನೆನಪಿನ ಸ್ಥಿತಿ ಈಗ ಹೀಗಿದೆ: ಕರೆಯುವುದು ಒಬ್ಬರನ್ನು, ಓಗೊಡುವುದು ಇನ್ನೊಬ್ಬರು. ಹಾಗಾಗಿ ಮೊಬೈಲಿನಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಹುಡುಕಿದೆ. ಪಿನ್‌ಕೋಡಿಗಿಂತ ಮೊದಲು ಬೇರೆಯೇ ಒಂದು ಪುಟ ತೆರೆದುಕೊಂಡಿತು. ಈ ಹೆಸರನ್ನು ಇಂಗ್ಲಿಷ್ ವಾಕ್ಯದಲ್ಲಿ ಬಳಸುವುದು ಹೇಗೆ ಎಂದು ಕಲಿಸುವ ಪುಟ!

ಹೊಸ ಮಿಕ್ಸಿಯ ಜೊತೆ ಬಳಸುವ ವಿಧಾನದ ಚೀಟಿ ಬರುತ್ತದಲ್ಲ, ನಮ್ಮೂರಿಗೂ ಅಂಥದ್ದೊಂದು ಉಂಟು ಎಂದು ನನಗೆ ಗೊತ್ತಿರಲಿಲ್ಲ. ಮಾದರಿಗೆ ಕೆಲವು ವಾಕ್ಯಗಳನ್ನು ಕೊಟ್ಟಿದ್ದರು. ಕಲ್ಯಾಣಪುರ ಒಂದು ನದಿಯ ದಡದಲ್ಲಿದೆ. ಅವರು ಕಲ್ಯಾಣಪುರದಲ್ಲಿ ಹುಟ್ಟಿದರು. ಆಮೇಲೆ, ಬಾರದೆ ಇರುತ್ತದೆಯೇ, ‘ಕಲ್ಯಾಣ್‌ಪುರ್ ಈಸ್ ನಿಯರ್ ಉಡುಪಿ.’ ಇಂಗ್ಲಿಷಿನ ಒಳಗೆ ಹೋಗುವಾಗ ನಮ್ಮೂರು ಕೊನೆಯ ಸ್ವರವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಹೋಗುತ್ತದೆ. ಅದು ಅಭ್ಯಾಸವಾಗಿದೆ. ಆದರೆ ಆ ‘ನಿಯರ್’ ಕಂಡದ್ದೇ ತಡ, ನನ್ನ ಬೆರಳು ತಾನಾಗಿ ಅದರ ಮೇಲೆ ಅಡ್ಡಗೆರೆ ಎಳೆಯಿತು. ಗೆರೆ ಎಳೆದ ರಭಸಕ್ಕೆ ಪುಟ ಸರಿದು ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಬಂತು.

“ಮೇಡಂ, ಪಿನ್ ಸಿಕ್ಕಿತಾ?” ಎಂದು ಅಂಗಡಿಯವರು ಕೇಳಿದರು.

ಪಿನ್ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸೆರಾಫಿನ್ ಟೀಚರ್.

ಕನ್ನಡ ಮಾಧ್ಯಮದ ನಮ್ಮ ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ಶಾಲೆಯ ಗೇಟಿನೊಳಗೆ ಕನ್ನಡ, ತರಗತಿಯ ಹೊಸ್ತಿಲು ದಾಟಿದ ಮೇಲೆ ಇಂಗ್ಲಿಷ್. ಮದುವೆಯಾಗಿರಲಿಲ್ಲ. ತಂಗಿ ಜೂಲಿಬಾಯಿಯ ಜೊತೆ ನದಿಯ ಬದಿಯ ಮನೆಯಲ್ಲಿದ್ದರು, ಈಗಲೂ ಅಲ್ಲೇ ಇದ್ದಾರೆ. ಅವರ ಕೈಯಲ್ಲಿ ಯಾವಾಗಲೂ ಕರಿ ಕೊಡೆ ಇರುತ್ತಿತ್ತು ಎಂದು ನನ್ನ ನೆನಪು. ನನ್ನ ಜೊತೆ ಓದಿದ, ಈಗ ದುಬೈಯಲ್ಲಿರುವ ಸದಾನಂದನ ಪ್ರಕಾರ ಕೊಡೆ ಕೆಂಪು. ಫೋನಿನಲ್ಲಿ ಈ ಬಗ್ಗೆ ನಮಗೆ ಜಗಳವೇ ಆಗಿದೆ. “ನೀನು ಡೈರಿ ಬರೆಯುವವಳಲ್ವಾ, ತೆಗೆದು ನೋಡು ಮಾರಾಯ್ತಿ” ಎಂದು ಅವನು ಚುಚ್ಚುತ್ತಾನೆ. ಡೈರಿ ಬರೆಯುವುದೇನೋ ನಿಜ, ಆದರೆ ಅದರಲ್ಲಿ ಬೇಕಾದದ್ದು ಇರುವುದಿಲ್ಲ. ಎಂ.ಎ. ಮುಗಿಸಿದ ದಿನದ ಪುಟದಲ್ಲಿ “ಮಳೆ. ಬಂಗುಡೆ.” ಎಂದು ಮಾತ್ರ ಇದೆ. ಬಂಗುಡೆ ಮೀನು ರುಚಿಯಾಗಿತ್ತೇ ಎಂದಾದರೂ ಬರೆಯಬಹುದಿತ್ತು.

ಟೀಚರಿಗೆ ಒಂದು ಪದ್ಧತಿಯಿತ್ತು. ಪಠ್ಯಪುಸ್ತಕದಲ್ಲಿ ಪದ ಕೊಟ್ಟು ಸ್ವಂತ ವಾಕ್ಯ ಮಾಡಿ ಎಂದರೆ ಎಲ್ಲ ಶಾಲೆಗಳಲ್ಲೂ ಮಕ್ಕಳು ಲಂಡನ್, ತಾಜಮಹಲ್, ರಾಮ ಈಸ್ ಎ ಗುಡ್ ಬಾಯ್ ಎಂದು ಬರೆದು ಮುಗಿಸುತ್ತಿದ್ದರು. ನಮ್ಮಲ್ಲಿ ಅದು ನಡೆಯುತ್ತಿರಲಿಲ್ಲ. ಪ್ರತಿಯೊಂದು ವಾಕ್ಯದಲ್ಲೂ ಕಲ್ಯಾಣಪುರ ಇರಬೇಕು. ವಾಕ್ಯ ಸತ್ಯವಾಗಿರಬೇಕು, ಅಂದರೆ ಬರೆದವರು ಕಣ್ಣಾರೆ ಕಂಡದ್ದಾಗಿರಬೇಕು. ಓದಿದ ಮೇಲೆ ಟೀಚರ್ ಚಾಕ್‌ಪೀಸಿನಿಂದ ಮೇಜಿನ ಮೇಲೆ ಟಕ್ ಎಂದು ಕುಟ್ಟಿ “ಟ್ರೂ?” ಎಂದು ಕೇಳುತ್ತಿದ್ದರು. ಇಡೀ ತರಗತಿ ಯೋಚಿಸಿ “ಟ್ರೂ, ಟೀಚರ್” ಎಂದು ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ವಾಕ್ಯ ಬಿದ್ದುಹೋಗುತ್ತಿತ್ತು.

ಸದಾನಂದ ಒಮ್ಮೆ ಎದ್ದು ನಿಂತು, “ಟುಡೇ ಕಲ್ಯಾಣ್‌ಪುರ್ ಈಸ್ ಸ್ಮೆಲ್ಲಿಂಗ್ ಡ್ರೈ ಫಿಶ್” ಎಂದು ಓದಿದ. ನಾವು ನಗು ತಡೆದುಕೊಂಡು ಟೀಚರ ಮುಖ ನೋಡಿದೆವು. ಅವರು ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಮೂಗೆತ್ತಿ ಗಾಳಿ ಹೀರಿದರು. ನಾವೆಲ್ಲರೂ ಹೀರಿದೆವು. ಒಣಮೀನಿನ ವಾಸನೆ ನಿಜಕ್ಕೂ ಬರುತ್ತಿತ್ತು. “ಟ್ರೂ,” ಎಂದರು ಟೀಚರ್, “ವೆರಿ ಗುಡ್. ಕುಳಿತುಕೋ.” ಒಣಮೀನಿಗೆ ವೆರಿ ಗುಡ್ ಸಿಕ್ಕಿದ ಶಾಲೆ ಲೋಕದಲ್ಲಿ ಬೇರೆ ಇರಲಿಕ್ಕಿಲ್ಲ.

ನಾನು ತರಗತಿಯ ಜಾಣೆ. ಅಂದರೆ ಹಾಗೆಂದು ನಾನು ತಿಳಿದುಕೊಂಡಿದ್ದೆ. ನನ್ನ ಸರದಿ ಬಂದಾಗ ದೊಡ್ಡ ವಾಕ್ಯವನ್ನೇ ತಂದಿದ್ದೆ: “ಕಲ್ಯಾಣ್‌ಪುರ್ ಈಸ್ ಎ ಬ್ಯೂಟಿಫುಲ್ ಟೌನ್ ನಿಯರ್ ಉಡುಪಿ.”

ಚಾಕ್‌ಪೀಸ್ ಮೇಜಿನ ಮೇಲೆ ಕುಟ್ಟಲಿಲ್ಲ. ಟೀಚರ್ ನನ್ನನ್ನು ನೋಡಿದರು. “ಶಶಿಕಲಾ, ನಿನ್ನ ಅಮ್ಮ ಯಾರು ಅಂತ ಕೇಳಿದರೆ ಎಂತ ಹೇಳ್ತಿ? ಪಕ್ಕದ ಮನೆಯವರ ಹತ್ತಿರ ಇರುವವರು ಅಂತ ಹೇಳ್ತಿಯಾ?”

ನಾನು ಇಲ್ಲ ಎಂದು ತಲೆಯಾಡಿಸಿದೆ.

“ಮತ್ತೆ ಊರಿಗೆ ಯಾಕೆ ಹಾಗೆ? ನಮ್ಮ ಊರೆಂತ ಗೋಡೆಗೆ ಒರಗಿ ನಿಂತ ಕೊಡೆಯಾ, ಉಡುಪಿ ತೆಗೆದರೆ ಬಿದ್ದುಹೋಗಲಿಕ್ಕೆ?”

ಅಂದಿನಿಂದ ‘ನಿಯರ್’ ನಿಷೇಧವಾಯಿತು. ಅಥವಾ ಮೊದಲೇ ನಿಷೇಧವಾಗಿತ್ತೋ, ನನ್ನಿಂದಲೇ ಆದದ್ದು ಎಂದು ನಾನು ಹೆಮ್ಮೆಗಾಗಿ ಸೇರಿಸಿಕೊಂಡೆನೋ, ಖಚಿತವಿಲ್ಲ. ಗೋಡೆಗೆ ಒರಗಿದ ಕೊಡೆಯ ಮಾತು ಮಾತ್ರ ಅವರದ್ದೇ. ಅಂಥದ್ದನ್ನು ನಾನು ಕಟ್ಟಲಾರೆ.

ಊರು ಬಿಟ್ಟ ಮೇಲೆಯೇ ಆ ನಿಷೇಧ ಎಷ್ಟು ಕಷ್ಟದ್ದು ಎಂದು ತಿಳಿದದ್ದು. ಸಣ್ಣ ಊರಿನವರಾದ ನಮಗೆ ಊರಿನ ಹೆಸರು ಹೇಳಿದ ಕೂಡಲೇ ಎದುರಿನವರ ಹುಬ್ಬು ನೋಡುವ ಚಾಳಿ ಉಂಟು. ಹುಬ್ಬು ಒಂದಿಷ್ಟು ಗಂಟಿಕ್ಕಿದರೆ ಸಾಕು, “ಉಡುಪಿ ಹತ್ತಿರ” ಎನ್ನುತ್ತೇವೆ, ಕಾಲು ತುಳಿದವರು ಸಾರಿ ಹೇಳುವ ಹಾಗೆ. ದೂರ ಹೋದಷ್ಟೂ ಒರಗುವ ಗೋಡೆ ದೊಡ್ಡದಾಗಬೇಕು. ಮೈಸೂರಿನಲ್ಲಿ ಉಡುಪಿ ಸಾಕು. ಮುಂಬಯಿಯಲ್ಲಿ ಮಂಗಳೂರು ಬೇಕು. ಸದಾನಂದ ದುಬೈಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಪಕ್ಕದ ಮೇಜಿನವನು ಊರು ಕೇಳಿದನಂತೆ. “ಕಲ್ಯಾಣ್‌ಪುರ್ ಅಂದೆ. ಗೊತ್ತಾಗಲಿಲ್ಲ. ಉಡುಪಿ ಅಂದೆ, ಹೋಟೆಲಾ ಅಂತ ಕೇಳಿದ. ಮಂಗಳೂರು ಅಂದೆ, ಸುಮ್ಮನೆ ನಕ್ಕ. ಕೊನೆಗೆ ನಿಯರ್ ಗೋವಾ ಅಂದುಬಿಟ್ಟೆ. ಆಗ ಅವನಿಗೆ ಭಾರೀ ಖುಷಿ, ಬೀಚ್ ಬೀಚ್ ಅಂತ ಕೈ ಕುಲುಕಿದ. ನಾನು ಆ ಕೈ ತೊಳೆದೇ ಊಟ ಮಾಡಿದ್ದು ಶಶಿ. ಟೀಚರಿಗೆ ಗೊತ್ತಾದರೆ ಕೊಲ್ತಾರೆ.”

ಟೀಚರಿಗೆ ಇನ್ನೊಂದು ದುಃಖವೂ ಇತ್ತು. ಇಂಗ್ಲಿಷ್ ಪತ್ರಿಕೆ ತೆರೆದರೆ ನಮ್ಮೂರಿನ ಹೆಸರು ಕಾಣುವುದು ಎರಡೇ ಕಡೆ: ಮದುವೆಯ ಜಾಹೀರಾತಿನಲ್ಲಿ ಮತ್ತು ಮರಣದ ಪ್ರಕಟಣೆಯಲ್ಲಿ. ಹುಡುಗಿ ಕಲ್ಯಾಣಪುರ ಮೂಲದವಳು, ದಿವಂಗತರು ಕಲ್ಯಾಣಪುರದವರು. “ಹುಟ್ಟಲಿಕ್ಕೆ ನಮ್ಮೂರು ಬೇಕು, ಹೂಳಲಿಕ್ಕೆ ಬೇಕು. ನಡುವೆ ಬದುಕಲಿಕ್ಕೆ ಮಾತ್ರ ಬೇರೆ ಊರಿನ ಹೆಸರು” ಎಂದು ಒಮ್ಮೆ ಪತ್ರಿಕೆ ಮಡಚಿಟ್ಟಿದ್ದರು. ಅದಕ್ಕೇ ಇರಬೇಕು, ಅವರ ತರಗತಿಯಲ್ಲಿ ಕಲ್ಯಾಣಪುರ ಸುಮ್ಮನೆ ಕೂರುತ್ತಿರಲಿಲ್ಲ. ಬಸ್ಸಿಗೆ ಕಾಯುತ್ತಿತ್ತು, ಛತ್ರಿ ರಿಪೇರಿ ಮಾಡಿಸುತ್ತಿತ್ತು, ನೆಗಡಿ ಬಂದು ಸೀನುತ್ತಿತ್ತು. ಕಾಲಗಳನ್ನು ನಾವು ಕಲಿತದ್ದು ಊರಿಗೆ ಕೆಲಸ ಕೊಟ್ಟು. ನಿನ್ನೆ ಊರು ಏನು ಮಾಡಿತು, ಇವತ್ತು ಏನು ಮಾಡುತ್ತಿದೆ, ಸಂಜೆಯೊಳಗೆ ಏನು ಮಾಡಿ ಮುಗಿಸಿರುತ್ತದೆ.

ಇವೆಲ್ಲದರ ನಡುವೆ ನನಗೆ ಬಹಳ ಪ್ರಿಯವಾದ ವಾಕ್ಯ ಒಂದಿದೆ. ಟೀಚರೇ ಬೋರ್ಡಿನ ಮೇಲೆ ಬರೆದದ್ದು. “ವೆನ್ ಇಟ್ ರೇನ್ಸ್ ಇನ್ ಕಾರ್ಕಳ, ದ ರಿವರ್ ಟರ್ನ್ಸ್ ಬ್ರೌನ್ ಇನ್ ಕಲ್ಯಾಣ್‌ಪುರ್.” ಕಾರ್ಕಳದಲ್ಲಿ ಮಳೆ ಬಂದರೆ ಕಲ್ಯಾಣಪುರದಲ್ಲಿ ಹೊಳೆ ಕೆಂಪಾಗುತ್ತದೆ. ಘಟ್ಟದ ಬುಡದಲ್ಲಿ ಹುಟ್ಟುವ ಸ್ವರ್ಣಾ ನದಿ ಕಾರ್ಕಳದ ಕಡೆಯಿಂದಲೇ ನಮ್ಮಲ್ಲಿಗೆ ಬರುವುದು. ಈ ವಾಕ್ಯದಲ್ಲಿ ನಮ್ಮೂರು ಯಾರಿಗೂ ಒರಗಿಲ್ಲ. ಆದರೂ ದೂರದ ಒಂದು ಊರಿಗೂ ಅದಕ್ಕೂ ಎಂಥ ಸಂಬಂಧ! ನಾನು ಈಗ ಕಾರ್ಕಳದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಹೆಂಚಿನ ಮೇಲೆ ಮಳೆ ಸುರಿಯತೊಡಗಿದರೆ, ಪುಸ್ತಕ ಕೇಳಿ ಬಂದವರನ್ನು ಮರೆತು, ಈ ನೀರು ತಮ್ಮನ ಮನೆಯ ಹಿಂದೆ ಯಾವಾಗ ಹಾದುಹೋಗುತ್ತದೆ ಎಂದು ಯೋಚಿಸುತ್ತಾ ನಿಲ್ಲುತ್ತೇನೆ.

ಆ ಬೋರ್ಡಿನ ಪಕ್ಕದ ಕಿಟಕಿಯಿಂದ ಹೊಳೆ ಕಾಣುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಈಚೆಗೆ ಒಮ್ಮೆ ಶಾಲೆಗೆ ಹೋಗಿ ಅದೇ ಕಿಟಕಿಯಲ್ಲಿ ನಿಂತು ನೋಡಿದೆ. ಕಾಣುವುದು ತೆಂಗಿನ ಮರಗಳು, ಒಂದು ಗೋಡೆ, ಗೋಡೆಯ ಮೇಲೆ ಒಣಹಾಕಿದ ಚಾಪೆ. ಹೊಳೆ ಆ ದಿಕ್ಕಿನಲ್ಲೇ ಇಲ್ಲ. ಹಾಗಾದರೆ ಅಷ್ಟು ವರ್ಷ ನಾನು ನೋಡಿದ್ದು ಏನು? ಬಹುಶಃ ಆ ವಾಕ್ಯದೊಳಗಿನ ಹೊಳೆಯನ್ನೇ. ಗೋಡೆಯಲ್ಲಿ ಇಲ್ಲದ ಕಿಟಕಿಯನ್ನು ತೆರೆದುಕೊಟ್ಟ ಆ ಟೀಚರನ್ನು ಮೆಚ್ಚಬೇಕೋ, ನನ್ನ ಕಣ್ಣಿನ ಮೇಲೆ ಸಂಶಯ ಪಡಬೇಕೋ? ಎರಡನ್ನೂ ಮಾಡುತ್ತಿದ್ದೇನೆ.

ಹೋದ ಮಳೆಗಾಲದ ಶುರುವಿನಲ್ಲಿ ಜೂಲಿಬಾಯಿ ಫೋನ್ ಮಾಡಿದರು. ಟೀಚರಿಗೆ ಪಾರ್ಶ್ವವಾಯು ಬಡಿದಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿದ್ದರು. “ಪ್ರಾಣಕ್ಕೆ ಭಯ ಇಲ್ಲ ಅಂತ ಹೇಳ್ತಾರೆ. ಬಲಗೈ ಸ್ವಲ್ಪ ಸ್ವಲ್ಪ ಎತ್ತುತ್ತಾಳೆ. ಆದರೆ ಮಾತಿಲ್ಲ ಮಗಾ. ಒಂದೇ ಒಂದು ಶಬ್ದ ಇಲ್ಲ.”

ಕಾಪುವಿನಿಂದ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಮಣಿಪಾಲದ ಏರು ಹತ್ತುವಾಗ ನಾನು ಹೇಳಬೇಕಾದ ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಕೋಣೆಗೆ ಹೋದ ಮೇಲೆ ‘ಟೀಚರ್’ ಎಂದಷ್ಟೇ ಕರೆದೆ. ಟೀಚರ್ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಎಡಗೈ ಎತ್ತಿದರು, ತುಟಿ ಅಲುಗಿಸಿದರು. ಏನೂ ಹೊರಡದಿದ್ದಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಅವರು ಯಾರಿಗೂ ಬೆನ್ನು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗಲೂ ಓರೆಯಾಗಿ ನಿಂತು ನಮ್ಮನ್ನು ನೋಡುತ್ತಲೇ ಬರೆಯುತ್ತಿದ್ದವರು.

ಮಾತು ಕಲಿಸುವ ಥೆರಪಿಸ್ಟ್ ಬಂದರು. ಪುಣೆಯ ಕಡೆಯ ಹುಡುಗಿ. ಇಲ್ಲಿಗೆ ಬಂದ ಮೇಲೆ ಕಲಿತ ಕನ್ನಡ, ಎಚ್ಚರದಿಂದ ಒಂದೊಂದೇ ಹೆಜ್ಜೆ ಇಡುವ ಕನ್ನಡ. ಅವರು ನಮ್ಮನ್ನು ಹೊರಗೆ ಕರೆದು ವಿವರಿಸಿದರು. ಟೀಚರಿಗೆ ಎಲ್ಲ ಅರ್ಥವಾಗುತ್ತದೆ. ಪದಗಳು ಒಳಗೆ ಉಂಟು, ಬಾಗಿಲು ಮಾತ್ರ ಸಿಗುತ್ತಿಲ್ಲ. ಈ ಸುರುವಿನ ದಿನಗಳಲ್ಲೇ ಹೇಗಾದರೂ ಒಂದು ಮಾತು ಹೊರಟರೆ ಅದನ್ನು ಹಿಡಿದು ಮುಂದೆ ಹೋಗಬಹುದು. ಅವರೇ ಬೇಸತ್ತು ಪ್ರಯತ್ನ ಬಿಟ್ಟುಬಿಟ್ಟರೆ ಕಷ್ಟ. “ಟೀಚರ್ ಈಗ ಬಿಡ್ತಾ ಇದ್ದಾರೆ,” ಎಂದರು ಆ ಹುಡುಗಿ. “ಅದೇ ನನಗೆ ಹೆದರಿಕೆ.”

“ಜಪಸರ ಕೈಯಲ್ಲಿ ಕೊಟ್ಟು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿಸಿದೆ,” ಎಂದರು ಜೂಲಿಬಾಯಿ. “ಮಲಗಿ ನಿದ್ದೆಯಲ್ಲೂ ಹೇಳುತ್ತಿದ್ದಳು ಅದನ್ನು. ಈಗ ಬರುವುದಿಲ್ಲ.”

“ಅವರಿಗೆ ಯಾವ ಭಾಷೆ ಜಾಸ್ತಿ ಇಷ್ಟ?” ಎಂದು ಥೆರಪಿಸ್ಟ್ ಕೇಳಿದರು.

ಜೂಲಿಬಾಯಿ ಯೋಚಿಸಿದರು. “ನನಗೆ ಬೈಯುವುದು ಕೊಂಕಣಿಯಲ್ಲಿ. ಮೀನಿನವಳ ಹತ್ತಿರ ಚೌಕಾಸಿ ತುಳುವಿನಲ್ಲಿ. ಇಷ್ಟ ಅಂದರೆ… ಇಂಗ್ಲಿಷಿನಲ್ಲಿ ಯಾರನ್ನಾದರೂ ತಿದ್ದುವುದು ಅಂದರೆ ಅವಳಿಗೆ ಬಿರಿಯಾನಿ ಸಿಕ್ಕಿದ ಹಾಗೆ.”

ಒಳಗೆ ಹೋಗಿ ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ತೆಗೆದರು. ಸೇಬು, ಬೆಕ್ಕು, ಬೀಗದ ಕೈ. ಸೇಬನ್ನು ನೋಡಿ ಟೀಚರ್ ಕಣ್ಣು ಮುಚ್ಚಿಕೊಂಡರು. ಕಲ್ಯಾಣಪುರದಲ್ಲಿ ಯಾರ ಹಿತ್ತಲಲ್ಲೂ ಬೆಳೆಯದ ಹಣ್ಣನ್ನು ಅವರು ಎಂದೂ ತರಗತಿಗೆ ಸೇರಿಸಿದವರಲ್ಲ. ಹೇಳೋಣ ಎಂದುಕೊಂಡೆ. ಆದರೆ ಓದಿದ ಹುಡುಗಿಗೆ ನಾನೇನು ಪಾಠ ಹೇಳುವುದು ಎಂದು ಸುಮ್ಮನಿದ್ದೆ.

ಆ ಹುಡುಗಿ ಕಾರ್ಡುಗಳನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ರೋಗಿಯ ಮುಂದೆ ಮನೆಯವರ ಜೊತೆ ಹಗುರವಾಗಿ ಮಾತಾಡುವುದೂ ಅವರ ವಿದ್ಯೆಯ ಭಾಗವೇ ಇರಬೇಕು. ಇಂಗ್ಲಿಷಿನಲ್ಲಿ ಕೇಳಿದರು: ಟೀಚರ ಊರು ಯಾವುದು?

“ಕಲ್ಯಾಣ್‌ಪುರ್,” ಎಂದೆ.

ಹುಡುಗಿಯ ಹುಬ್ಬು ತುಸು ಗಂಟಿಕ್ಕಿತು. ಅಷ್ಟೇ. ನನ್ನ ಇಷ್ಟು ವರ್ಷದ ಚಾಳಿ ಓಡಿಬಂತು. “ಇಟ್ ಈಸ್ ನಿಯರ್ ಉಡುಪಿ,” ಎಂದುಬಿಟ್ಟೆ.

ಟಕ್.

ಮಂಚದ ಕಬ್ಬಿಣದ ಸರಳಿನ ಮೇಲೆ ಉಗುರು ಕುಟ್ಟಿದ ಸದ್ದು. ಟೀಚರ ಎಡಗೈ ತೋರುಬೆರಳು. ಕಣ್ಣು ತೆರೆದಿತ್ತು, ನನ್ನ ಮೇಲೆಯೇ ಇತ್ತು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನು ನಿಜವಾಗಿಯೂ ಎದ್ದು ನಿಂತೆ.

“ಉ…” ಎಂದರು ಟೀಚರ್. ಕುತ್ತಿಗೆಯ ನರ ಉಬ್ಬಿತು. “ಉಡುಪಿ.”

ಜೂಲಿಬಾಯಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೆರಳು ಮತ್ತೆ ಸರಳಿಗೆ ಕುಟ್ಟಿತು. “ಉಡುಪಿ… ಈಸ್…” ಬಹಳ ಹೊತ್ತು ಏನೂ ಇಲ್ಲ. ಹೊರಗೆ ಯಾರದ್ದೋ ಗಾಲಿಕುರ್ಚಿ ಕಿರುಗುಟ್ಟುತ್ತಾ ಹೋಯಿತು. “ನಿಯರ್…”

ಆಮೇಲೆ, ಸುಲಭವಾಗಿ, ಬಾಗಿಲು ಮೊದಲಿಂದಲೂ ತೆರೆದೇ ಇತ್ತು ಎನ್ನುವ ಹಾಗೆ: “ಕಲ್ಯಾಣ್‌ಪುರ್.”

ಜೂಲಿಬಾಯಿ ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ. “ನೋಡಿ, ನೋಡಿ! ಇಷ್ಟು ದಿನ ದೇವರ ಹೆಸರು ಹೇಳು ಅಂದರೆ ಹೇಳಲಿಲ್ಲ. ತಿದ್ದಲಿಕ್ಕೆ ಸಿಕ್ಕಿದ ಕೂಡಲೇ ಬಾಯಿ ಬಂತು!”

ಥೆರಪಿಸ್ಟ್ ಹುಡುಗಿಯ ಮುಖ ಅರಳಿತ್ತು. ಆದರೂ ಪಾಪ, ಕೆಲಸದಲ್ಲಿ ಶಿಸ್ತಿನವರು. “ತುಂಬಾ ಒಳ್ಳೆಯದಾಯಿತು. ಸ್ವಲ್ಪ ಹಿಂದೆಮುಂದೆ ಆಗಿದೆ. ಉಡುಪಿ, ಕಲ್ಯಾಣ್‌ಪುರ್ ಅದಲುಬದಲಾಗಿದೆ. ಪರವಾಗಿಲ್ಲ, ಅದನ್ನು ಸರಿ ಮಾಡೋಣ.”

“ಬೇಡ ಡಾಕ್ಟ್ರೇ,” ಎಂದೆ ನಾನು. “ಅದು ಸರಿಯಾಗಿಯೇ ಉಂಟು. ತಪ್ಪು ಹೇಳಿದ್ದು ನಾನು.”

ಟೀಚರ್ ಕಷ್ಟಪಟ್ಟು ತಲೆ ಅಲ್ಲಾಡಿಸಿದರು, ಹೌದು ಎನ್ನುವಂತೆ. ತುಟಿಯ ಒಂದು ಬದಿ ಮಾತ್ರ ನಕ್ಕಿತು.

ಆ ದಿನದ ಡೈರಿ ಈಗ ನನ್ನ ಮುಂದೆಯೇ ಇದೆ. “ಮಣಿಪಾಲ. ಟೀಚರ್ ಮಾತಾಡಿದರು. ಬರುವಾಗ ಬಸ್ಸಿನಲ್ಲಿ ಸೀಟಿಲ್ಲ, ಕಾಪುವರೆಗೆ ನಿಂತೇ ಬಂದೆ, ಕಂಡಕ್ಟರ್ ಹಿಂದೆ ಹೋಗಿ ಹಿಂದೆ ಹೋಗಿ ಎಂದು ಕೂಗುತ್ತಿದ್ದ.” ಟೀಚರಿಗೆ ಎರಡು ಪದ, ಕಂಡಕ್ಟರಿಗೆ ಒಂದು ಸಾಲು! ಇಂಥ ಸಾಕ್ಷಿಯನ್ನು ಇಟ್ಟುಕೊಂಡು ನೆನಪಿನ ಮೇಲೆ ಸಂಶಯ ಪಡುವುದಲ್ಲದೆ ಇನ್ನೇನು ಮಾಡಲಿ? ಸದಾನಂದನಿಗೆ ಫೋನಿನಲ್ಲಿ ಹೇಳಿದಾಗ ಅವನು, “ಅವರ ಹತ್ತಿರ ಗೋವಾದ ವಿಷಯ ಎತ್ತಬೇಡ ಮಾರಾಯ್ತಿ, ಈಗಲೇ ಎದ್ದು ದುಬೈಗೆ ಬರ್ತಾರೆ” ಎಂದ. ಅವನ ದನಿ ಒದ್ದೆಯಾಗಿತ್ತು.

ಟೀಚರ್ ಮನೆಗೆ ಬಂದಿದ್ದಾರೆ. ಎಲ್ಲ ಪದಗಳೂ ಬಂದಿಲ್ಲ. ಕೊಂಕಣಿ ಆಮೇಲೆ ಬಂತು, ಬೈಗಳು ಮೊದಲು, ಪ್ರಾರ್ಥನೆ ಆಮೇಲೆ ಎಂದು ಜೂಲಿಬಾಯಿಯ ವರದಿ. ನನ್ನ ಹೆಸರು ಒಂದೊಂದು ದಿನ ಸಿಗುತ್ತದೆ, ಒಂದೊಂದು ದಿನ ಸಿಗುವುದಿಲ್ಲ. ಆ ವಿಷಯದಲ್ಲಿ ನಾವಿಬ್ಬರೂ ಈಗ ಸರಿಸಮ.

ಕೊರಿಯರ್ ಅಂಗಡಿಯಿಂದ ಹೊರಟವಳು ಪೊಟ್ಟಣವನ್ನು ಕಳಿಸಲೇ ಇಲ್ಲ. ಮರುದಿನ ಭಾನುವಾರ. ನಾನೇ ತಮ್ಮನ ಮನೆಗೆ ಒಯ್ದು ಕೊಟ್ಟು, ಅಲ್ಲಿಂದ ಟೀಚರ ಮನೆಗೆ ನಡೆದೆ. ಅವರು ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಮೊಬೈಲಿನಲ್ಲಿ ಆ ಪುಟವನ್ನು ತೆಗೆದು ತೋರಿಸಿ, ಮೂರನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಅವರು ಎಡಗೈಯಿಂದ ಮೊಬೈಲನ್ನು ಹಗುರವಾಗಿ ದೂರ ಸರಿಸಿದರು, ಬೇಡದ ಪದಾರ್ಥವನ್ನು ಬಾಳೆಲೆಯ ಬದಿಗೆ ತಳ್ಳುವ ಹಾಗೆ. ಆಮೇಲೆ ಗಲ್ಲ ಎತ್ತಿ ನನ್ನನ್ನೇ ನೋಡಿದರು. ನೀನು ಹೇಳು ಎಂದು ಅರ್ಥ.

ನಿನ್ನೆ ಮಧ್ಯಾಹ್ನ ಗ್ರಂಥಾಲಯದ ಹೆಂಚಿನ ಮೇಲೆ ಮಳೆ ಹೊಡೆದದ್ದು ನೆನಪಾಯಿತು. ಆ ಒಂದು ನೆನಪಿನ ಬಗ್ಗೆ ಸಂಶಯವಿರಲಿಲ್ಲ. ಕೊಡೆ ಇನ್ನೂ ಚೀಲದಲ್ಲಿ ಒದ್ದೆಯಾಗಿತ್ತು. ಎದ್ದು ನಿಂತು, ಕೈಕಟ್ಟಿ, ಹೇಳಿದೆ: “ವೆನ್ ಇಟ್ ರೇನ್ಸ್ ಇನ್ ಕಾರ್ಕಳ, ದ ರಿವರ್ ಟರ್ನ್ಸ್ ಬ್ರೌನ್ ಇನ್ ಕಲ್ಯಾಣ್‌ಪುರ್.”

ಕುರ್ಚಿಯ ಕೈಯ ಮೇಲೆ ಬೆರಳು ಟಕ್ ಎಂದಿತು.

“ಟ್ರೂ?” ಎಂದರು ಟೀಚರ್.

ಹೌದು ಎಂದುಬಿಡಬಹುದಿತ್ತು. ಅವರ ತರಗತಿಯಲ್ಲಿ ಹಾಗೆ ನಡೆಯುವುದಿಲ್ಲ. ಚಪ್ಪಲಿ ಮೆಟ್ಟಿ, ತೆಂಗಿನ ಮರಗಳ ನಡುವೆ ಹಿತ್ತಲಿನ ಕೊನೆಯವರೆಗೂ ಹೋದೆ. ದಡದಲ್ಲಿ ನಿಂತು ಚೆನ್ನಾಗಿ ನೋಡಿದೆ. ನಂಬಿಕೆ ಸಾಲದೆ ಬಗ್ಗಿ ಬೊಗಸೆಯಲ್ಲಿ ನೀರು ಎತ್ತಿದೆ. ಅದೇ ಬೊಗಸೆಯನ್ನು ಹಿಡಿದುಕೊಂಡು, ಬೆರಳ ಸಂದಿಯಲ್ಲಿ ಸೋರಿದ್ದು ಸೋರಲಿ ಎಂದು ಜಗಲಿಗೆ ಬಂದೆ. ಉಳಿದಿದ್ದ ಚಹಾದ ಬಣ್ಣದ ನೀರನ್ನು ಅವರ ಮುಂದೆ ಹಿಡಿದು ಹೇಳಿದೆ:

“ಟ್ರೂ, ಟೀಚರ್.”